ಹಿಮಾಲಯಕ್ಕೆ ಒಂದು ಲಾಂಗ್ ವೀಕೆಂಡ್

ಗಾಂಧಿ ಜಯಂತಿ ಶುಕ್ರವಾರ ಬಂದರೆ ಸಾಕು. ಹಿಂದೆ ಎರಡು ಸಿಎಲ್, ಮುಂದೆ ಒಂದು ಸುಳ್ಳು ಜ್ವರ. ಸತ್ಯದ ಹಬ್ಬವನ್ನು ನಮ್ಮವರು ಆಚರಿಸುವುದೇ ಹೀಗೆ. ಒಟ್ಟು ಆರು ದಿನ. ಅಷ್ಟರಲ್ಲಿ ಬೆಂಗಳೂರು ಬಿಟ್ಟು, ಮನಾಲಿ ಸೇರಿ, ಹಿಮಶಿಖರ ಹತ್ತಿ, ಇಳಿದು, ಮಂಗಳವಾರದ ಮೀಟಿಂಗಿಗೆ ಹಾಜರ್.

ನನ್ನ ಭಾವಮೈದುನನ ಮಗನೂ ಇಂಥದೇ ಒಂದು ಹದಿನಾಲ್ಕು ಮಂದಿಯ ಗುಂಪಿನಲ್ಲಿದ್ದ. ಹತ್ತಲು ಹೊರಟದ್ದು ಫ್ರೆಂಡ್‌ಶಿಪ್ ಪೀಕ್. ಎತ್ತರ 5,289 ಮೀಟರ್. ನಮ್ಮ ಕುಮಾರ ಪರ್ವತವನ್ನು ಒಂದರ ಮೇಲೊಂದರಂತೆ ಮೂರು ಸಲ ಪೇರಿಸಿದರೂ ಇನ್ನೂ ನೂರೈವತ್ತು ಮೀಟರ್ ಸಾಲದು. 2024ರ ಜನವರಿಯಲ್ಲಿ ಅದೇ ಕುಮಾರ ಪರ್ವತಕ್ಕೆ ರಜೆ ನೋಡಿಕೊಂಡು ನುಗ್ಗಿ, ಜಾತ್ರೆ ಮಾಡಿ, ಅರಣ್ಯ ಇಲಾಖೆ ಗೇಟು ಹಾಕುವಂತೆ ಮಾಡಿದ್ದು ಇಂಥ ಗುಂಪುಗಳೇ. ಈಗ ಹಿಮಾಲಯದ ಸರದಿ.

‘ಇಷ್ಟು ಬೇಗ ಹತ್ತಬಹುದೇನೋ?’ ಅಂದೆ.

‘ಮೈಂಡ್‌ಸೆಟ್ ಮುಖ್ಯ ಮಾವ,’ ಅಂದ.

ಶ್ವಾಸಕೋಶಕ್ಕೆ ಮೈಂಡ್‌ಸೆಟ್ ಗೊತ್ತಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಸುಮ್ಮನೆ ಕೂತಿರಿ ಅನ್ನುತ್ತಾರೆ ಬಲ್ಲ ವೈದ್ಯರು. ಆತುರಪಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬೀತು, ಮಿದುಳು ಊದೀತು. ಸುಮ್ಮನೆ ಕೂರುವುದೇ? ವಿಮಾನದ ಟಿಕೆಟಿಗೆ ರಿಫಂಡ್ ಇಲ್ಲ! ಎತ್ತರದ ಬಾಧೆಗೆಂದು ಡಯಮಾಕ್ಸ್ ಮಾತ್ರೆ ನುಂಗಿ, ನಡೆ.

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸೇ ಸುಮಾರು ನಾಲ್ಕು ವಾರ. ಇವರದು ಒಂದು ಮಧ್ಯಾಹ್ನ. ಬೂಟಿಗೆ ಕ್ರ್ಯಾಂಪಾನ್ ಎಂಬ ಮುಳ್ಳಿನ ಅಟ್ಟೆ ಕಟ್ಟುವುದು ಅರ್ಧ ಗಂಟೆ. ಜಾರಿದಾಗ ಐಸ್ ಆ್ಯಕ್ಸ್ ಊರಿ ನಿಲ್ಲುವುದು ಅರ್ಧ ಗಂಟೆ. ಐಸ್ ಆ್ಯಕ್ಸ್ ಹಿಡಿದು ಫೋಟೊ, ಎರಡು ಗಂಟೆ.

ಅದೇ ಉತ್ತರಕಾಶಿಯ ಸಂಸ್ಥೆಯ ತಂಡದ ಮೇಲೆ 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾದಲ್ಲಿ ಹಿಮ ಕುಸಿಯಿತು. ಇಪ್ಪತ್ತೇಳು ಶವ ಸಿಕ್ಕವು. ಸತ್ತವರಲ್ಲಿ ಸವಿತಾ ಕನ್ಸ್ವಾಲ್ ಇದ್ದರು. ಆ ವರ್ಷದ ಮೇ ತಿಂಗಳಲ್ಲಷ್ಟೇ ಹದಿನಾರು ದಿನಗಳೊಳಗೆ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿ ಬಂದಿದ್ದ ಹೆಣ್ಣುಮಗಳು. ಈ ಸುದ್ದಿಯನ್ನು ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದರಂತೆ. ‘ನೆಗೆಟಿವಿಟಿ ಬೇಡ’ ಎಂದು ಅಡ್ಮಿನ್ ಅಳಿಸಿದ.

ಹೊರಟರು. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಡೀಸೆಲ್ ಟೆಂಪೊ ಟ್ರಾವೆಲರ್. ಚೀಲದಲ್ಲಿ ‘ಹಿಮನದಿ ಉಳಿಸಿ’ ಎಂಬ ಬ್ಯಾನರ್. ಪ್ಲಾಸ್ಟಿಕ್ ಫ್ಲೆಕ್ಸಿನದು, ಮತ್ತೆ!

ಹಿಂದೂಕುಶ್ ಹಿಮಾಲಯದ ಹಿಮನದಿಗಳು 2011ರಿಂದ 2020ರ ನಡುವೆ ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ವೇಗವಾಗಿ ಕರಗಿದವು ಎಂದು ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2023ರಲ್ಲಿ ಹೇಳಿತು. ನಮ್ಮ ಹುಡುಗರಿಗೂ ಗೊತ್ತು. ‘ಕರಗೋ ಮೊದ್ಲು ನೋಡ್ಬಿಡೋಣ ಅಂತ.’ ಅಜ್ಜಿ ಹೋಗುವ ಮೊದಲು ಮುಖ ನೋಡಿ ಬರೋಣವೆಂದು ಆಸ್ಪತ್ರೆಗೆ ನುಗ್ಗಿ, ಆಕ್ಸಿಜನ್ ಪೈಪಿನ ಮೇಲೆ ಕಾಲಿಟ್ಟು ನಿಲ್ಲುವ ನೆಂಟರಿದ್ದಾರಲ್ಲ, ಅವರು ನೆನಪಾದರು.

ಇನ್ನು ಸಾಹಸ. ಟೆಂಟು, ಗ್ಯಾಸ್ ಸಿಲಿಂಡರ್, ಎರಡು ಕ್ರೇಟ್ ಮೊಟ್ಟೆ ಹೊತ್ತದ್ದು ಹೇಸರಗತ್ತೆ. ಹೇಸರಗತ್ತೆ ಹತ್ತಲಾರದ ಕಡೆ ಪೋರ್ಟರ್. ಕತ್ತಲಲ್ಲೆದ್ದು ಹಿಮ ಕರಗಿಸಿ ಚಹಾ ಕಾಸಿದ್ದು ಅಡುಗೆಯವ. ಹಿಮದಲ್ಲಿ ಹೆಜ್ಜೆ ಕೊರೆದು, ಬಿರುಕು ಎಲ್ಲಿದೆಯೆಂದು ತಿವಿದು ನೋಡಿ, ಹಗ್ಗ ಬಿಗಿದದ್ದು ಗೈಡ್. ಸೊಂಟದ ಪಟ್ಟಿಯ ಕೊಕ್ಕೆ ಹಾಕಿದ್ದೂ ಅವನೇ. ನಮ್ಮ ವೀರರು ಹೊತ್ತದ್ದು ಪವರ್ ಬ್ಯಾಂಕ್, ಚಟ್ನಿಪುಡಿ ಮತ್ತು ಕನ್ನಡದ ಬಾವುಟ. ಪೋಸ್ಟಿನ ತಲೆಬರಹ: ‘ನನ್ನೊಳಗಿನ ಒಂಟಿ ಪಯಣ’. ಟ್ಯಾಗ್ ಮಾಡಿದ್ದು ಹದಿಮೂರು ಜನರನ್ನು.

ತುದಿ ಮುಟ್ಟಿದ್ದು ನಾಲ್ವರು. ಉಳಿದ ಹತ್ತು ಮಂದಿ ತೂರಾಡುತ್ತಿದ್ದುದನ್ನು ಕಂಡು ಗೈಡ್ ‘ಬಸ್, ವಾಪಸ್’ ಅಂದ. ಒಬ್ಬ ಇನ್ನೂರು ಮೀಟರಿಗಾಗಿ ಜಗಳಕ್ಕೇ ನಿಂತನಂತೆ: ‘ದುಡ್ಡು ಕೊಟ್ಟಿದ್ದೀನಿ.’ ಬೆಟ್ಟಕ್ಕೆ ಕೊಟ್ಟಿದ್ದನೋ ಏನೋ. ಆ ಗೈಡ್ ಗದರಿದ್ದಕ್ಕೆ ಹತ್ತೂ ಜನ ಇವತ್ತು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಕಥೆ ಹೇಳುತ್ತಿದ್ದಾರೆ. ಅವನಿಗೆ ರಿವ್ಯೂನಲ್ಲಿ ಕೊಟ್ಟದ್ದು ಎರಡು ಸ್ಟಾರ್. ‘ಹುರಿದುಂಬಿಸುವ ಗುಣವಿಲ್ಲ.’ ಕುಣಿಯಲಾರದವರಿಗೆ ನೆಲ ಡೊಂಕು. ಈ ನೆಲ ಡೊಂಕೇ ಇತ್ತು ಅನ್ನುವುದು ಬೇರೆ ಮಾತು.

ಹುಡುಗ ಮನೆಗೆ ಬಂದ. ಮೂಗಿನ ತುದಿ ಸುಟ್ಟಿತ್ತು. ಮೊಬೈಲಿನಲ್ಲಿ ಮುನ್ನೂರು ಫೋಟೊ ತೋರಿಸಿದ. ಒಂದರ ಮೂಲೆಯಲ್ಲಿ, ಅರ್ಧಕ್ಕೆ ಕತ್ತರಿಸಿದ ಹಾಗೆ, ಬೆನ್ನು ಬಾಗಿದ ಒಬ್ಬ ಮನುಷ್ಯ. ಬೆನ್ನ ಮೇಲೆ ಮೂರು ಚೀಲ.

‘ಇವರಿಗೆಲ್ಲ ಟಿಪ್ಸ್ ಕೊಟ್ರೇನೋ?’

‘ನೆಟ್‌ವರ್ಕ್ ಇರ್ಲಿಲ್ಲ ಮಾವ. ಯುಪಿಐ ಹೋಗ್ಲೇ ಇಲ್ಲ. ಗ್ರೂಪಲ್ಲಿ ಕಲೆಕ್ಟ್ ಮಾಡ್ತಿದೀವಿ.’

‘ಫೋಟೊ ಅವತ್ತೇ ಬಂದಿತ್ತಲ್ಲ?’

‘ಅದು ಕೆಳಗೆ ಸೋಲಂಗ್ ಊರಿಗೆ ಇಳಿದ ತಕ್ಷಣ ಹಾಕಿದ್ದು.’

‘ಇವನ ಹೆಸರೇನು?’

ಫೋಟೊ ದೊಡ್ಡದು ಮಾಡಿ ನೋಡಿದ. ‘ಯಾರ್ದು?’