ಡಬರಿಯೊಳಗಿನ ಗುರ್

ಸೋಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಆರಕ್ಕೆ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಚಪ್ಪಲಿ ಬಾಗಿಲ ಹೊರಗೆ, ಫೋನು ಬಾಗಿಲ ಪಕ್ಕದ ಸ್ಟೀಲ್ ಡಬರಿಯೊಳಗೆ. ಇದು ಕಾನೂನು. ಅದಕ್ಕೆ ಡಬರಿಯನ್ನೇ ಆರಿಸಿದ್ದು ಮಾತ್ರ ನನ್ನ ದಡ್ಡತನ. ನಾಲ್ಕು ಫೋನು ಒಟ್ಟಿಗೆ ನಡುಗಿದರೆ ಅದು ತಮಟೆಯಾಗುತ್ತದೆ. ನಾನು 'ಡಿಫರೆನ್ಸಿಯೇಷನ್' ಅನ್ನುವಷ್ಟರಲ್ಲಿ ಅದು ಗುರ್ ಅನ್ನುತ್ತದೆ, ಹನ್ನೊಂದು ಕತ್ತು ಅತ್ತ ತಿರುಗುತ್ತವೆ. ಯಾರ ಫೋನೆಂದು ಸದ್ದಿನಲ್ಲೇ ಗೊತ್ತು ಅವರಿಗೆ, ಅಂಬಾ ಅಂದದ್ದು ತನ್ನ ಕರುವೋ ಅಲ್ಲವೋ ಹಸುವಿಗೆ ಗೊತ್ತಾಗುವ ಹಾಗೆ.

ಬೈಯುವ ಬಾಯಿ ನನಗಿಲ್ಲ. 2020ರಲ್ಲಿ ಶಾಲೆಗೆ ಬೀಗ ಬಿದ್ದಾಗ 'ಮಗೂಗೊಂದು ಫೋನು ಕೊಡಿಸಿ' ಎಂದು ಮನೆಮನೆ ಅಲೆದವನು ನಾನೇ. ನನ್ನ ಮಾತು ಕೇಳಿ ಒಬ್ಬರ ಕೊಟ್ಟಿಗೆಯ ಎರಡು ಕುರಿ ಫೋನಾದವು. ಅರಳಿಕಟ್ಟೆ, ದೇವಸ್ಥಾನದ ಜಗುಲಿ ಎಂದು ನಡೆಯುತ್ತಿದ್ದ ಸರ್ಕಾರದ 'ವಿದ್ಯಾಗಮ' ಪಾಠವೂ ಆ ಅಕ್ಟೋಬರಿನಲ್ಲಿ ನಿಂತಿತು. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಪುಣ್ಯ ಮಾಡಿದವರ ಕೈಗೆ ಮಾತ್ರ ನೀರು ಸಿಗುತ್ತದಂತೆ. ಆ ವರ್ಷ ಪುಣ್ಯ ಮಾಡಿದವರಿಗೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಹುಡುಗರು ಬಂಡೆ ಹತ್ತಿ ಕೈ ಮೇಲೆತ್ತಿ ನಿಂತಿರುತ್ತಿದ್ದರು. ಆಮೇಲೆ ಶಾಲೆ ತೆರೆಯಿತು. ಫೋನು ತಿರುಗಿ ಕುರಿಯಾಗಲಿಲ್ಲ.

ಈಚೆಗೆ ದಾಬಸ್‌ಪೇಟೆ ಬಸ್‌ಸ್ಟಾಪಿನಲ್ಲಿ ನನ್ನ ನಾಲ್ವರು ಶಿಷ್ಯರು ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು. ಪಿಟ್ಟೆನ್ನುವ ಸದ್ದಿಲ್ಲ. "ಏನ್ರೋ, ಜಗಳವಾ?" ಅಂದೆ.

"ಇಲ್ಲ ಸಾ, ಗ್ರೂಪಲ್ಲಿ ಮಾತಾಡ್ತಾವ್ರೆ ಎಲ್ಲಾ."

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. "ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವ್ರನ್ನ" ಎಂದಳು ನನ್ನಾಕೆ. ನಮ್ಮ ಕಡೆ ಅದು ಬೈಗುಳ. ಆದರೆ 2014ರಲ್ಲಿ ಅಲ್ಲಿ ಈ ಗೀಳಿಗೆಂದೇ 'ಶಟ್' ಎಂಬ ಕ್ಲಿನಿಕ್ ಶುರುವಾಗಿದೆ ಎಂದು ಮೇಷ್ಟರ ಗತ್ತಿನಲ್ಲಿ ತಿಳಿಸಿದೆ.

"ಹಂಗಾದ್ರೆ ಮೊದ್ಲು ನಿಮ್ಗೇ ಒಂದು ಚೀಟಿ ಮಾಡ್ಸಿ" ಅಂದಳು. ಮುದ್ದೆಯ ತಟ್ಟೆಗೆ ಒರಗಿಕೊಂಡು ನನ್ನ ಫೋನು ಯಾರದೋ ಅಡುಗೆ ತೋರಿಸುತ್ತಿತ್ತು.

ಆ ರೋಷಕ್ಕೆ ಮಾರನೆಯ ದಿನ ನನ್ನದನ್ನೂ ಡಬರಿಗೆ ಹಾಕಿದೆ. ಐದು ನಿಮಿಷವಾಗಿಲ್ಲ, ಖಾಲಿ ಜೇಬು ತೊಡೆಯ ಮೇಲೆ ಜುಂ ಅಂದಿತು. ಮುಟ್ಟಿ ನೋಡಿಕೊಂಡೆ. ಮಕ್ಕಳು ಮುಸಿಮುಸಿ ನಕ್ಕರು. ಸ್ವಲ್ಪ ಹೊತ್ತಿಗೆ ಡಬರಿ ನಿಜವಾಗಿಯೂ ಗುರ್ ಅಂದಿತು.

"ನಿಮ್ದೇ ಸಾ" ಅಂದವು ಹತ್ತು ಬಾಯಿ.

ತಡೆದುಕೊಂಡು ಇನ್ನೆರಡು ಲೈನು ಬರೆದೆ. ಆಗಲಿಲ್ಲ. ಬೆನ್ನು ತಿರುಗಿಸಿ ನಿಂತು ತೆಗೆದು ನೋಡಿದೆ: 'ಸಾ, ಮೂರನೇ ಲೈನಲ್ಲಿ ಮೈನಸ್ ಬಿಟ್ಟೋಗೈತೆ.' ಕಳಿಸಿದ್ದು ಕಿಟಕಿ ಪಕ್ಕದ ಹುಡುಗಿ. ವರ್ಷವಿಡೀ ನನ್ನೆದುರು ತುಟಿ ಬಿಚ್ಚಿದವಳಲ್ಲ. ಬೋರ್ಡು ನೋಡಿದೆ, ಬಿಟ್ಟುಹೋಗಿತ್ತು. ಡಬರಿಯೊಳಗೆ ಎಣಿಸಿದೆ, ಸರಿಯಾಗಿ ಹನ್ನೊಂದು. ತಳದಲ್ಲೊಂದು ರಬ್ಬರ್‌ಬ್ಯಾಂಡ್ ಸುತ್ತಿದ ಹಳೇ ಬಟನ್ ಫೋನು, ಎತ್ತಿದರೆ ಹಗುರ. ಬ್ಯಾಟರಿಯೇ ಇಲ್ಲ.

ಅವಳು ತಲೆ ಬಗ್ಗಿಸಿ ಬಲು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಳು. ನಾನು ಹೋಗಿ ಮೈನಸ್ ಹಾಕಿದೆ.