ದೈತೋ ದ್ವೀಪಗಳ ಅಂತರಮೀಮಾಂಸೆ

ಜಪಾನಿನ ಒಕಿನಾವಾ ಪ್ರಾಂತದ ನಾಹಾ ಪಟ್ಟಣದಿಂದ ಪೂರ್ವಕ್ಕೆ ಸುಮಾರು 360 ಕಿ.ಮೀ. ಹೋದರೆ ಮಿನಾಮಿದೈತೋ, ಕಿತಾದೈತೋ ಎಂಬ ಎರಡು ದ್ವೀಪಗಳು ಸಿಗುತ್ತವೆ. ಮೊದಲನೆಯದು ದಕ್ಷಿಣದ್ದು, ಎರಡನೆಯದು ಉತ್ತರದ್ದು. ನಡುವೆ 8 ಕಿ.ಮೀ. ಕಡಲು. ಎರಡರಲ್ಲೂ ಕಬ್ಬು ಬೆಳೆಯುತ್ತದೆ, ಎರಡರಲ್ಲೂ 1500 ಮೀಟರಿನ ರನ್‌ವೇ ಉಂಟು. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಸುಮಾರು 13 ಕಿ.ಮೀ. ಎಂದು ನಕಾಶೆ ಹೇಳುತ್ತದೆ. ನಕಾಶೆಯ ಮೇಲೆ ಯಾರೂ ಪ್ರಯಾಣ ಮಾಡುವುದಿಲ್ಲವಾದ್ದರಿಂದ ಇದು ಬರೀ ಪೂರ್ವಪಕ್ಷ.

2024ರ ಜುಲೈ ಕೊನೆಯವರೆಗೆ ರ್ಯುಕ್ಯು ಏರ್ ಕಮ್ಯೂಟರ್ ಸಂಸ್ಥೆಯ ಡ್ಯಾಶ್ 8 ವಿಮಾನ ಈ ಎರಡು ದ್ವೀಪಗಳ ನಡುವೆ ಹಾರುತ್ತಿತ್ತು. ಜಪಾನಿನ ಅತಿ ಗಿಡ್ಡ ನಿಯಮಿತ ವಿಮಾನಯಾನವೆಂಬ ಬಿರುದು ಅದಕ್ಕಿತ್ತು. ಗಾಳಿಯಲ್ಲಿರುತ್ತಿದ್ದುದು ಕೆಲವೇ ನಿಮಿಷ. ವೇಳಾಪಟ್ಟಿಯಲ್ಲಿ ಬರೆದದ್ದು ಕಾಲು ಗಂಟೆಗೆ ಕಡಿಮೆಯಿಲ್ಲ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಗಂಟೆಗೆ 52 ಕಿ.ಮೀ. ದಾಟುವುದಿಲ್ಲ. ಘಾಟಿ ಇಳಿದು ಬಯಲಿಗೆ ಬಿದ್ದ ಕೆಂಪು ಬಸ್ಸು ಇದಕ್ಕೆ ದಾರಿ ಬಿಡಬೇಕಿಲ್ಲ. ಆದ್ದರಿಂದ ಸಿದ್ಧಾಂತ: ದೂರ ತಗ್ಗಿದಷ್ಟೂ ವಿಮಾನ ನಿಧಾನವಾಗುತ್ತದೆ. ಸ್ಕಾಟ್ಲೆಂಡಿನ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 2.7 ಕಿ.ಮೀ., ವೇಳಾಪಟ್ಟಿಯ ಕಾಲ ಎರಡು ನಿಮಿಷ, ಅಂದರೆ ಗಂಟೆಗೆ 81 ಕಿ.ಮೀ. ಇದು ಸಿದ್ಧಾಂತಕ್ಕೆ ವಿರುದ್ಧವಾಗಿರುವುದರಿಂದ ಸ್ಕಾಟ್ಲೆಂಡನ್ನು ಪ್ರಸ್ತುತ ಗ್ರಂಥದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ದಿಕ್ಕಿನ ಪ್ರಶ್ನೆ ಇನ್ನೂ ಸೂಕ್ಷ್ಮ. ವಿಮಾನ ನಾಹಾದಿಂದ ಹೊರಟು ಎರಡೂ ದ್ವೀಪಗಳನ್ನು ಮುಟ್ಟಿ ನಾಹಾಕ್ಕೆ ಮರಳುತ್ತಿತ್ತು. ವಾರದ ಕೆಲವು ದಿನ ಪ್ರದಕ್ಷಿಣೆ, ಉಳಿದ ದಿನ ಅಪ್ರದಕ್ಷಿಣೆ. ಹೀಗಾಗಿ ದಕ್ಷಿಣದಿಂದ ಉತ್ತರಕ್ಕೆ 13 ಕಿ.ಮೀ. ಇದ್ದ ದಿನ ಉತ್ತರದಿಂದ ದಕ್ಷಿಣಕ್ಕೆ ನಾಹಾ ಸುತ್ತಿ ಏಳುನೂರು ಕಿ.ಮೀ. ಮೀರುತ್ತಿತ್ತು. ಹೋದ ದೂರವೂ ಬಂದ ದೂರವೂ ಒಂದೇ ಎಂಬ ರೇಖಾಗಣಿತದ ನಂಬಿಕೆಯನ್ನು ಈ ದ್ವೀಪದವರು ಪಾಲಿಸಿದಂತೆ ಕಾಣುವುದಿಲ್ಲ.

ಆಗಸ್ಟ್ 1ರಿಂದ ಎರಡೂ ದ್ವೀಪಗಳಿಗೆ ನಾಹಾದಿಂದ ಬೇರೆ ಬೇರೆ ವಿಮಾನ. ಗಿಡ್ಡ ಹಾರಾಟ ರದ್ದು. ರಾತ್ರಿ ಕಳೆಯುವುದರೊಳಗೆ ವಿಮಾನ ಮಾರ್ಗದ ಗಿಡ್ಡ ಅಂತರ ಐವತ್ತು ಪಟ್ಟಿಗೂ ಹೆಚ್ಚು ಬೆಳೆದು ಎರಡೂ ದಿಕ್ಕಿಗೆ ಸಮನಾಯಿತು. ದ್ವೀಪಗಳು ಸರಿದವೇ ಎಂಬ ಆಕ್ಷೇಪಕ್ಕೆ ಭೂವಿಜ್ಞಾನದ ಸಮಾಧಾನವಿದೆ: ಸರಿಯುತ್ತಲೇ ಇವೆ. ಫಿಲಿಪ್ಪೀನ್ ಸಮುದ್ರ ಫಲಕದ ಮೇಲೆ ಕೂತು ಎರಡೂ ದ್ವೀಪಗಳು ವರ್ಷಕ್ಕೆ ಸುಮಾರು 7 ಸೆ.ಮೀ. ಒಕಿನಾವಾದ ಕಡೆಗೇ ಸಾಗಿವೆ. ಜೊತೆಯಾಗಿ ಸಾಗುವುದರಿಂದ ಪರಸ್ಪರ ಅಂತರ ಕಡಿಮೆಯಾಗದು. ನಾಹಾದ ದಾರಿ ಮಾತ್ರ ಸವೆಯುತ್ತದೆ. ಐವತ್ತು ಲಕ್ಷ ವರ್ಷ ಕಾಯಬಲ್ಲವರಿಗೆ ಟಿಕೆಟ್ಟಿನ ಖರ್ಚು ಉಳಿಯಬಹುದು.

ಅವಸರದವರಿಗೆ ಹಡಗಿದೆ. ದ್ವೀಪಗಳ ಅಂಚು ಕಡಿದಾದ ಬಂಡೆಯಾದ್ದರಿಂದ ಅದು ದಡಕ್ಕೆ ಒತ್ತಿ ನಿಲ್ಲಲಾರದು. ಪ್ರಯಾಣಿಕರನ್ನು ಪಂಜರದಲ್ಲಿ ನಿಲ್ಲಿಸಿ ಕ್ರೇನು ಎತ್ತಿ ಇಳಿಸುತ್ತದೆ. ನೆಲ ಬಿಟ್ಟು ಗಾಳಿಯಲ್ಲಿ ಸಾಗುವುದೇ ಹಾರಾಟವಾದರೆ ಜಪಾನಿನ ಗಿಡ್ಡ ಹಾರಾಟದ ಬಿರುದು ಈಗ ಕ್ರೇನಿಗೆ ಸಲ್ಲಬೇಕು. ಆದರೆ ಅಲೆ ನೋಡಿಕೊಂಡು ಎತ್ತುವ ಯಂತ್ರಕ್ಕೆ ವೇಳಾಪಟ್ಟಿಯಿಲ್ಲ. ಹಾಗಾಗಿ ಅದರ ವೇಗವನ್ನು ಶಾಸ್ತ್ರೋಕ್ತವಾಗಿ ಕಂಡುಹಿಡಿಯಲು ಬರುವುದಿಲ್ಲ.