ಡಬ್ಬಿ ಖಾಲಿ ಕೊಡಬಾರದು

ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಅನ್ನುವ ಕಾನೂನು ಯಾವ ಸಂವಿಧಾನದಲ್ಲೂ ಇಲ್ಲ. ಆದರೂ ನಮ್ಮ ವಠಾರದಲ್ಲಿ ಅದನ್ನು ಮುರಿದವನು ಒಬ್ಬನೇ, ಮಹಡಿ ಮೇಲಿನ ಐಟಿ ಹುಡುಗ. ಪಾಪ, ಪಳಪಳ ತೊಳೆದು ಖಾಲಿಯೇ ಕೊಟ್ಟಿದ್ದ. ಯಾರೋ ಕಿವಿಯಲ್ಲಿ ಹೇಳಿರಬೇಕು, ಮುಂದಿನ ಸಲ ಒಳಗೆ ಎರಡು ಮ್ಯಾಗಿ ಪೊಟ್ಟಣ!

ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸಾಕು, ಅದು ಹಿರಿಯರು ಕೊಟ್ಟ ರಿಯಾಯಿತಿ.

ಈ ವರ್ಷ ಸಂಕ್ರಾಂತಿಗೆ ಎದುರುಮನೆ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಎಳ್ಳು-ಬೆಲ್ಲ ಕಳಿಸಿದರು. ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಎಲ್ಲ ಲೆಕ್ಕವಾಗಿ ಬೆರೆಸಿದ್ದು. ಕೊಬ್ಬರಿ ಅವರೇ ಕೂತು ಸಣ್ಣಗೆ ಹೆಚ್ಚಿದ್ದು, ಅಂಗಡಿಯದಲ್ಲ. ನಮ್ಮಾಕೆ ಅದರಲ್ಲೇ ಅವರೆಕಾಳಿನ ಉಪ್ಪಿಟ್ಟು ತುಂಬಿ ಕೊಟ್ಟಳು. ನಾಲ್ಕನೇ ದಿನ ಡಬ್ಬಿ ಕೋಡುಬಳೆಯೊಂದಿಗೆ ಪ್ರತ್ಯಕ್ಷ. ಶಿವರಾತ್ರಿಗೆ ತಂಬಿಟ್ಟು ಹೋಯಿತು, ಯುಗಾದಿಗೆ ಒಬ್ಬಟ್ಟು ಬಂತು, ರಾಮನವಮಿಗೆ ಕೋಸಂಬರಿ ಹೋಯಿತು. ನನ್ನ ಪ್ಯಾಂಟು ಬಿಗಿಯಾಯಿತು, ಅದು ಬೇರೆ ಮಾತು.

ಡಬ್ಬಿ ಎರಡು ವಾರ ಬರದಿದ್ದರೆ ಅಜ್ಜಿಗೆ ಮಂಡಿನೋವು ಅಂತ ಅರ್ಥ. ಆಗ ನಾನೇ ಹೋಗಿ ಔಷಧಿ ಚೀಟಿ ಇಸಿದುಕೊಂಡು ಬರುತ್ತೇನೆ.

ಮೊನ್ನೆ "ಈ ಡಬ್ಬಿ ನಿಮ್ಮದಾ, ನಮ್ಮದಾ?" ಅಂತ ಅಜ್ಜಿ ಕೇಳಿದರು. ತಿರುಗಿಸಿ ನೋಡಿದರೆ ತಳದಲ್ಲಿ ಕೊರೆಸಿದ ಹೆಸರು ನಮ್ಮಿಬ್ಬರದೂ ಅಲ್ಲ, ಎಂದೋ ವಠಾರ ಬಿಟ್ಟುಹೋದವರದು. ಓದುಗರೇ, ನಿಮ್ಮದಾಗಿದ್ದರೆ ಬಂದು ತೆಗೆದುಕೊಂಡು ಹೋಗಿ. ಖಾಲಿಯಂತೂ ಕೊಡುವುದಿಲ್ಲ.